ಸಿಂಹ ಅರಸರದು, ಕೆರೆ ಊರಿನದು: ಹಿರೇಕೆರೂರು ಸೀಮೆಯ ಚರಿತ್ರೆ ಮತ್ತು ಲಾಂಛನ

ನಮ್ಮ ಸೀಮೆಯ ಯಾವುದೇ ಸರಕಾರಿ ಕಾಗದ ಕೈಗೆತ್ತಿಕೊಂಡರೂ ನೆತ್ತಿಯ ಮೇಲೆ ಗಂಡಭೇರುಂಡ ಕಾಣುತ್ತದೆ. ಎರಡು ತಲೆಯ ಆ ಹಕ್ಕಿ ಮೈಸೂರು ಅರಸರ ಮೂಲಕ ಕರ್ನಾಟಕದ ರಾಜ್ಯಲಾಂಛನವಾಯಿತು ಎಂಬುದು ಎಲ್ಲರಿಗೂ ಗೊತ್ತು. ಅದರ ಬಹು ಹಳೆಯ ಶಿಲ್ಪಗಳಲ್ಲೊಂದು ನಮ್ಮ ಪಕ್ಕದ ಶಿಕಾರಿಪುರ ತಾಲೂಕಿನಲ್ಲೇ ಇದೆ ಎಂಬುದನ್ನು ಅಷ್ಟಾಗಿ ಯಾರೂ ನೆನೆಯುವುದಿಲ್ಲ. ಕಲ್ಯಾಣ ಚಾಲುಕ್ಯರ ಒಂದನೆಯ ಸೋಮೇಶ್ವರನ ಕಾಲದಲ್ಲಿ ಬನವಾಸಿ ನಾಡನ್ನು ನೋಡಿಕೊಳ್ಳುತ್ತಿದ್ದ ಚಾವುಂಡರಾಯ ಬಳ್ಳಿಗಾವಿಯಲ್ಲಿ ಎತ್ತರದ ಕಂಬ ನಿಲ್ಲಿಸಿ ಅದರ ಮೇಲೆ ಗಂಡಭೇರುಂಡವನ್ನು ಕೂರಿಸಿದ್ದು 1047ರಲ್ಲಿ. ರಾಜ್ಯದ ಗುರುತೇ ಇಷ್ಟು ಹತ್ತಿರದಲ್ಲಿರುವಾಗ ನಮ್ಮ ಊರುಗಳ ಗುರುತು ಯಾವುದು ಎಂದು ಕೇಳಿಕೊಳ್ಳುವುದು ಸಹಜ.

ಯುರೋಪಿನ ಸಣ್ಣ ಊರೊಂದರ ಪುರಸಭೆಯಲ್ಲಿ ಇದೇ ಪ್ರಶ್ನೆ ಕೇಳಿದರೆ ಗೋಡೆಯ ಮೇಲಿನ ಗುರಾಣಿಯತ್ತ ಬೆರಳು ತೋರಿಸುತ್ತಾರೆ. ಫಿನ್ಲೆಂಡ್ 1949ರಲ್ಲಿ ಪುರಸಭೆಗಳ ಲಾಂಛನಕ್ಕೆಂದೇ ಕಾನೂನು ಮಾಡಿತು. ಪೋರ್ಚುಗಲ್‌ನಲ್ಲಿ ಗುರಾಣಿಯ ಮೇಲಿನ ಕೋಟೆ ಕಿರೀಟಕ್ಕೆ ನಾಲ್ಕು ಗೋಪುರಗಳಿದ್ದರೆ ಅದು ಪಟ್ಟಣ, ಐದಿದ್ದರೆ ನಗರ. ಕಡಲಂಚಿನ ಊರಾದರೆ ಗುರಾಣಿಯಲ್ಲಿ ದೋಣಿಯೋ ಮೀನೋ ಅಲೆಯೋ ಇರುತ್ತದೆ. ನಮ್ಮಲ್ಲಿ ಅಂಥ ಕಾನೂನು ಇರಲಿಲ್ಲ. ಆದರೆ ಗುರುತುಗಳ ಪದ್ಧತಿ ಇತ್ತು, ಅದೂ ಅವರಷ್ಟೇ ಕಟ್ಟುನಿಟ್ಟಾಗಿ. ಅದನ್ನು ಓದಬೇಕಾದ್ದು ಶಾಸನದ ಕಲ್ಲುಗಳಲ್ಲಿ, ಹೊಲದ ಬದುಗಳಲ್ಲಿ, ಕೆರೆಯ ಏರಿಗಳ ಮೇಲೆ.

ಪಿರಿಯಕೆರೆಯೂರು

ಹಿರೇಕೆರೂರು ಅರೆಮಲೆನಾಡಿನ ಊರು. ಪಡುವಣಕ್ಕೆ ಹೋದಷ್ಟೂ ಕಾಡು ಮತ್ತು ಗದ್ದೆ, ಮೂಡಣಕ್ಕೆ ಹೋದಷ್ಟೂ ಬಯಲು ಮತ್ತು ಎರೆಹೊಲ. ಮಳೆ ಬರುತ್ತದೆ, ಆದರೆ ನಿಲ್ಲುವುದಿಲ್ಲ. ನಿಲ್ಲಿಸಿಕೊಂಡವನಿಗೆ ಬೆಳೆ. ಹೀಗಾಗಿ ಇಲ್ಲಿ ಊರು ಕಟ್ಟುವುದೆಂದರೆ ಮೊದಲು ಕೆರೆ ಕಟ್ಟುವುದು ಎಂದೇ ಆಗಿತ್ತು. ಶಾಸನಗಳ ಪಿರಿಯಕೆರೆಯೂರು ಇಂದಿನ ಹಿರೇಕೆರೂರು. ಇದೇ ತಾಲೂಕಿನಲ್ಲಿ ಚಿಕ್ಕೇರೂರೂ ಇದೆ. ಎರಡೂ ಊರುಗಳನ್ನು ಜನ ಕೆರೆಯಿಂದಲೇ ಗುರುತಿಸಿದರು, ಅರಸನ ಹೆಸರಿನಿಂದಲ್ಲ. ಹಿರೇಕೆರೂರಿನ ಕೆರೆಗೂ ಗ್ರಾಮದೇವತೆಗೂ ಒಂದೇ ಹೆಸರು, ದುರ್ಗಾದೇವಿ.

ಸೀಮೆಯ ದಕ್ಷಿಣದ ಅಂಚಿನಲ್ಲಿ ಗುಡ್ಡಗಳ ನಡುವೆ ಕುಮುದ್ವತಿಯನ್ನು ತಡೆದು ನಿಲ್ಲಿಸಿದ ಮದಗ ಮಾಸೂರಿನ ಕೆರೆ ಇದೆ. ವಿಜಯನಗರದ ಕಾಲದ್ದೆಂದು ಹೇಳುವ ಈ ಕೆರೆಯ ಏರಿಯ ಗಾತ್ರ ಕಂಡು ಬ್ರಿಟಿಷ್ ಎಂಜಿನಿಯರರೂ ಬೆರಗಾಗಿದ್ದರು. ಕೆರೆಯನ್ನು ಕಾಯುವ ದೇವತೆ ಮದಗದ ಕೆಂಚಮ್ಮ. ಊರಿಗೊಂದು ಕೆರೆ, ಕೆರೆಗೊಬ್ಬ ದೇವಿ, ದೇವಿಗೊಂದು ಜಾತ್ರೆ. ಈ ಸೀಮೆಯ ಆಡಳಿತ ವ್ಯವಸ್ಥೆಯ ಹಳೆಯ ಬುನಾದಿ ಇದೇ.

ಕದಂಬರ ಚರಿತ್ರೆಯೇ ಇದಕ್ಕೆ ಒಳ್ಳೆಯ ಸಾಕ್ಷಿ. ಮಯೂರಶರ್ಮ ಓದಲು ಕಂಚಿಯ ಘಟಿಕಾಸ್ಥಾನಕ್ಕೆ ಹೋದದ್ದು, ಅಲ್ಲಿ ಪಲ್ಲವರ ಕುದುರೆ ಸವಾರರೊಡನೆ ಜಗಳವಾದದ್ದು, ಅವಮಾನಗೊಂಡು ದರ್ಭೆ ಹಿಡಿದ ಕೈಯಲ್ಲಿ ಕತ್ತಿ ಹಿಡಿದದ್ದು ನಾವೆಲ್ಲ ಶಾಲೆಯಲ್ಲಿ ಓದಿದ ಕಥೆ. ಅದು ನಮಗೆ ದೊರೆತದ್ದು ಐದನೆಯ ಶತಮಾನದ ತಾಳಗುಂದದ ಸ್ತಂಭಶಾಸನದಿಂದ. ಕುಬ್ಜನೆಂಬ ಕವಿ ರಚಿಸಿದ ಆ ಶಾಸನವನ್ನು ನಿಲ್ಲಿಸಿದ್ದು ಯುದ್ಧ ಗೆದ್ದದ್ದಕ್ಕಲ್ಲ, ಪಟ್ಟಾಭಿಷೇಕಕ್ಕೂ ಅಲ್ಲ. ಕದಂಬ ಅರಸ ಕಾಕುಸ್ಥವರ್ಮ ಅಲ್ಲಿಯ ಶಿವಾಲಯದ ಬಳಿ ಕೆರೆ ಕಟ್ಟಿಸಿದ್ದನ್ನು ದಾಖಲಿಸಲು ನಿಲ್ಲಿಸಿದ ಕಲ್ಲು ಅದು. ಕನ್ನಡ ನೆಲದ ಮೊದಲ ದೊಡ್ಡ ರಾಜವಂಶ ತನ್ನ ಹುಟ್ಟಿನ ಕಥೆ ಹೇಳಿಕೊಳ್ಳಲು ಆರಿಸಿಕೊಂಡದ್ದು ಕೆರೆಯ ಏರಿಯ ಆಸುಪಾಸನ್ನು. ಅದೇ ತಾಳಗುಂದದ ಪ್ರಣವೇಶ್ವರ ದೇವಾಲಯದ ಆವರಣದಲ್ಲಿ ಈಚೆಗೆ ಸಿಕ್ಕ ಸಿಂಹಕಟಾಂಜನ ಶಾಸನ ಅದಕ್ಕಿಂತ ಹಳೆಯದು, ಸುಮಾರು ಕ್ರಿ.ಶ. 370ರದ್ದು ಎಂದು ಎಣಿಸಲಾಗಿದೆ. ಅಲ್ಲಿ ಬರಹ ಕೆತ್ತಿರುವುದು ಸಿಂಹವಿರುವ ಕಟಾಂಜನದ ಮೇಲೆ. ಸಿಂಹ ಮತ್ತು ಕೆರೆ ಎರಡೂ ಹೀಗೆ ಒಂದೇ ಆವರಣದಲ್ಲಿ ನಮಗೆ ಎದುರಾಗುತ್ತವೆ.

ಅರಸರ ಗುರುತುಗಳು

ಶಾಸನಗಳಲ್ಲಿ ಒಬ್ಬ ಮಹಾಮಂಡಲೇಶ್ವರನ ಹೆಸರಿನ ಹಿಂದೆ ಬಿರುದುಗಳ ಸಾಲೇ ಬರುತ್ತದೆ. ಓದುವವರು ಇದನ್ನು ಹೊಗಳಿಕೆಯೆಂದು ದಾಟಿ ಹೋಗುತ್ತಾರೆ. ಗಮನಿಸಿ ನೋಡಿದರೆ ಅದೊಂದು ವಿಳಾಸ, ಅದಕ್ಕೊಂದು ಕ್ರಮವಿದೆ. ವಂಶದ ಮೂಲ ಪಟ್ಟಣ ಯಾವುದು, ವರ ಕೊಟ್ಟ ದೇವರು ಯಾರು, ಮುದ್ರೆಯಲ್ಲಿರುವ ಲಾಂಛನ ಏನು, ಮೆರವಣಿಗೆಯಲ್ಲಿ ಹಿಡಿಯುವ ಧ್ವಜ ಏನು, ಮುಂದೆ ಬಾರಿಸುವ ವಾದ್ಯ ಯಾವುದು ಎಂಬುದೆಲ್ಲ ಅಲ್ಲಿರುತ್ತದೆ. ಲಾಂಛನ ಬೇರೆ, ಧ್ವಜ ಬೇರೆ. ಮೊದಲನೆಯದು ದಾನಪತ್ರಕ್ಕೆ, ಎರಡನೆಯದು ರಣರಂಗಕ್ಕೆ.

ಹಾನಗಲ್ಲಿನ ಕದಂಬರದು ಸಿಂಹಲಾಂಛನ, ವಾನರಧ್ವಜ, ಪೆರ್ಮಟ್ಟಿ ಎಂಬ ವಾದ್ಯ. ಅವರು ಬನವಾಸಿ ಪುರವರಾಧೀಶ್ವರರು, ಜಯಂತಿಯ, ಅಂದರೆ ಬನವಾಸಿಯ, ಮಧುಕೇಶ್ವರನ ವರಪ್ರಸಾದ ಪಡೆದವರು. ನಮ್ಮ ಮೂಡಣದ ನೆರೆಯವರಾದ ಗುತ್ತಲದ ಗುತ್ತರದೂ ಸಿಂಹಲಾಂಛನವೇ. ಆದರೆ ಅವರ ಧ್ವಜದಲ್ಲಿ ಆಲದ ಮರ ಮತ್ತು ಗರುಡ. ಅವರು ಉಜ್ಜಯಿನಿಯ ಚಂದ್ರಗುಪ್ತನ ವಂಶದವರೆಂದು ಹೇಳಿಕೊಂಡರು. ಸವದತ್ತಿಯ ರಟ್ಟರಿಗೆ ಆನೆಯ ಲಾಂಛನ, ಬಂಗಾರದ ಗರುಡನ ಧ್ವಜ, ತ್ರಿವಳಿ ವಾದ್ಯ. ಇವರೆಲ್ಲರ ಮೇಲಿದ್ದ ಚಾಲುಕ್ಯ ಚಕ್ರವರ್ತಿಗೆ ವರಾಹ. ಎರಡು ಮನೆತನಗಳಿಗೆ ಒಂದೇ ಲಾಂಛನವಿದ್ದರೂ ಧ್ವಜ, ವಾದ್ಯ ಮತ್ತು ದೇವರ ಹೆಸರಿನಿಂದ ಗೊಂದಲ ತಪ್ಪುತ್ತಿತ್ತು.

ಶಿಗ್ಗಾವಿ ತಾಲೂಕಿನ ಬಂಕಾಪುರದ್ದು ಇನ್ನೂ ಹಳೆಯ ಕಥೆ. ಅಮೋಘವರ್ಷ ನೃಪತುಂಗನ ದಂಡನಾಯಕ ಬಂಕೇಶನ ಹೆಸರನ್ನು ಆ ಊರು ಇಂದಿಗೂ ಹೊತ್ತಿದೆ. ಅವನ ಮಗ ಲೋಕಾದಿತ್ಯ ಬನವಾಸಿ ನಾಡನ್ನು ಬಂಕಾಪುರದಿಂದ ಆಳುತ್ತಿದ್ದ. ಗುಣಭದ್ರನ ಉತ್ತರಪುರಾಣದ ಪ್ರಶಸ್ತಿಯ ಕಾಲ ಶಕ 820, ಅಂದರೆ ಕ್ರಿ.ಶ. 898. ಅದು ಈ ಮನೆತನವನ್ನು ಕರೆಯುವುದೇ ಅವರ ಬಾವುಟದ ಹೆಸರಿನಿಂದ, ಚೆಲ್ಲಕೇತನರು ಎಂದು. ಮನೆತನದ ಹೆಸರೇ ಧ್ವಜದಿಂದ ಬಂದದ್ದು ಎಂದರೆ ಹನ್ನೊಂದು ಶತಮಾನಗಳ ಹಿಂದೆ ನಮ್ಮ ನೆಲದಲ್ಲಿ ಧ್ವಜಕ್ಕೆ ಇದ್ದ ತೂಕ ತಿಳಿಯುತ್ತದೆ.

ಹಾನಗಲ್ಲು ಮತ್ತು ಕಡಲ ತೀರ

ಪಾನುಂಗಲ್ಲು 500 ಎಂಬ ನಾಡಿನ ರಾಜಧಾನಿ ಇಂದಿನ ಹಾನಗಲ್ಲು. ಪಾಂಡವರು ಅಜ್ಞಾತವಾಸ ಕಳೆದ ವಿರಾಟನಗರ ಇದೇ ಎಂಬ ಐತಿಹ್ಯ ಶಾಸನಗಳಷ್ಟು ಹಳೆಯದು. ವಿರಾಟನ ಗೋವುಗಳನ್ನು ಬಿಡಿಸಿದ ಅರ್ಜುನ ಕಪಿಧ್ವಜನಾದ್ದರಿಂದ ಹಾನಗಲ್ಲಿನ ವಾನರಧ್ವಜವನ್ನು ಆ ಕಥೆಗೆ ಹೆಣೆಯುವ ಆಸೆ ಯಾರಿಗಾದರೂ ಆಗುತ್ತದೆ. ಆದರೆ ಅದು ನಿಲ್ಲುವುದಿಲ್ಲ. ಘಟ್ಟದ ಕೆಳಗೆ ಗೋವೆಯಲ್ಲಿ ಆಳಿದ ಕದಂಬ ಶಾಖೆಗೂ ಇದೇ ಸಿಂಹ, ಇದೇ ವಾನರಧ್ವಜ, ಇದೇ ಬನವಾಸಿಯ ಬಿರುದು. ಅವರಿಗೂ ವಿರಾಟನಗರಕ್ಕೂ ಸಂಬಂಧವಿಲ್ಲ. ಹಾಗಾಗಿ ಧ್ವಜ ವಂಶದ್ದು, ಊರಿನದಲ್ಲ.

ಗೋವೆಯ ಕದಂಬರು ಮೊದಲು ಚಂದ್ರಪುರದಿಂದ, ಆಮೇಲೆ ಗೋಪಕಪಟ್ಟಣದಿಂದ ಆಳಿದರು. ಕಡಲ ವ್ಯಾಪಾರದ ಸುಂಕ ಅವರ ಬೊಕ್ಕಸ ತುಂಬಿತು. ಅವರು ಟಂಕಿಸಿದ ಚಿನ್ನದ ಗದ್ಯಾಣಗಳ ಮೇಲೆ ಅದೇ ಸಿಂಹ ನಿಂತಿದೆ. ಬದಲಾದದ್ದು ದೇವರು ಮಾತ್ರ. ಹಾನಗಲ್ಲಿನವರು ಬನವಾಸಿಯ ಮಧುಕೇಶ್ವರನನ್ನು ಹಿಡಿದುಕೊಂಡರೆ, ಕಡಲಿಗಿಳಿದವರು ತಮ್ಮ ನಾಣ್ಯಗಳ ಮೇಲೆ ಸಪ್ತಕೋಟೀಶ್ವರನ ಹೆಸರು ಬರೆಸಿದರು. ನೆಲ ಬದಲಾದಾಗ ಸಿಂಹ ಹಾಗೇ ಉಳಿಯಿತು, ನೆಲದ ದೇವರಿಗೆ ಅರಸರು ತಲೆಬಾಗಬೇಕಾಯಿತು. ಮುಂದೆ 1510ರಲ್ಲಿ ಪೋರ್ಚುಗೀಸರು ಗೋವೆಯನ್ನು ಗೆದ್ದ ದಿನ ಸಂತ ಕ್ಯಾಥರೀನಳ ಹಬ್ಬವಾಗಿತ್ತೆಂದು ಅಲ್ಲಿಯ ಲಾಂಛನದಲ್ಲಿ ಅವಳ ಚಕ್ರ ಬಂದು ಕೂತಿತು. ಇಂದು ಕಾರವಾರದ ನೌಕಾನೆಲೆಯ ಹೆಸರು ಐಎನ್‌ಎಸ್ ಕದಂಬ, ಗೋವೆಯ ಸಾರಿಗೆ ಸಂಸ್ಥೆಯ ಹೆಸರೂ ಕದಂಬ. ಒಳನಾಡಿನ ಬನವಾಸಿಯ ನೆನಪನ್ನು ಕಡಲ ತೀರ ನಮಗಿಂತ ಚೆನ್ನಾಗಿಯೇ ಇಟ್ಟುಕೊಂಡಿದೆ.

ಹಾನಗಲ್ಲಿನ ಕೀರ್ತಿ ತಾರಕೇಶ್ವರ ದೇವಾಲಯದ ಕಮಲದ ಭುವನೇಶ್ವರಿಯಲ್ಲಿ ಇದೆ. ಆ ಊರಿನ ಕಷ್ಟದ ಕಾಲದ ಕಥೆಯಲ್ಲಿ ಮತ್ತೆ ಕೆರೆಯೇ ಬರುತ್ತದೆ. 1196ರಲ್ಲಿ ಹೊಯ್ಸಳ ವೀರಬಲ್ಲಾಳ ಹಾನಗಲ್ಲಿಗೆ ಮುತ್ತಿಗೆ ಹಾಕಿ ಪಾಳೆಯ ಬಿಟ್ಟದ್ದು ಆನೆಕೆರೆಯ ಬಳಿ. ಕದಂಬ ಕಾಮದೇವನ ದಂಡನಾಯಕ ಸೋಹಣಿ ಅವನನ್ನು ಹಿಮ್ಮೆಟ್ಟಿಸಿ ಆ ಕಾಳಗದಲ್ಲೇ ಮಡಿದ. ಹಾನಗಲ್ಲು ಅಂದು ಉಳಿಯಿತು. ಆಮೇಲೆ ಹೊಯ್ಸಳರೂ ಸೇವುಣರೂ ಈ ಸೀಮೆಗಾಗಿ ಬಹುಕಾಲ ಹೋರಾಡಿದರು.

ಅಬಲೂರಿನ ಕಲ್ಲು

ಹಿರೇಕೆರೂರು ತಾಲೂಕಿನ ಅಬಲೂರು ಸರ್ವಜ್ಞನ ಹೆಸರಿನಿಂದ ಜನಕ್ಕೆ ಗೊತ್ತು. ಮಾಸೂರು ಮತ್ತು ಅಬಲೂರು ಎರಡೂ ಅವನನ್ನು ತಮ್ಮವನೆನ್ನುತ್ತವೆ. ಚರಿತ್ರೆ ಓದುವವರಿಗೆ ಅಬಲೂರು ಮುಖ್ಯವಾಗುವುದು ಏಕಾಂತದ ರಾಮಯ್ಯನ ಶಾಸನದಿಂದ. ಅಳಂದೆಯಿಂದ ಬಂದ ಈ ಶಿವಭಕ್ತನ ಪವಾಡವನ್ನು ಸುಮಾರು 1200ರ ಆ ಶಾಸನ ವಿವರಿಸುತ್ತದೆ. ದೇವಾಲಯದ ಶಿಲ್ಪಪಟ್ಟಿಕೆಗಳು ಅದೇ ಕಥೆಯನ್ನು ಚಿತ್ರಿಸಿ ಕೆಳಗೆ ವಿವರವನ್ನೂ ಬರೆದಿವೆ. ಧರ್ಮವಿವಾದದ ಆ ಕಥೆಯನ್ನು ವಿದ್ವಾಂಸರು ಹಲವು ಬಗೆಯಲ್ಲಿ ಓದಿದ್ದಾರೆ. ನಮಗೆ ಬೇಕಾದ್ದು ಅದರ ಕೊನೆಯ ಭಾಗ, ದಾನಗಳ ಪಟ್ಟಿ.

ಮೊದಲು ಕಳಚುರಿ ಬಿಜ್ಜಳ ಒಂದು ಊರು ಕೊಟ್ಟ. ಆಮೇಲೆ ಚಾಲುಕ್ಯ ನಾಲ್ಕನೆಯ ಸೋಮೇಶ್ವರ ಅಬಲೂರನ್ನೇ ಕೊಟ್ಟ. ಕಡೆಗೆ ಹಾನಗಲ್ಲಿನ ಕದಂಬ ಕಾಮದೇವ ಮುಂಡಗೋಡದ ಹತ್ತಿರದ ಮಲ್ಲವಳ್ಳಿಯನ್ನು ಕೊಟ್ಟ. ಬಿಜ್ಜಳನದು ಬಂಗಾರದ ವೃಷಭಧ್ವಜ, ಸೋಮೇಶ್ವರನದು ವರಾಹ, ಕಾಮದೇವನದು ಸಿಂಹ ಮತ್ತು ವಾನರ. ಒಂದು ತಲೆಮಾರಿನೊಳಗೆ ಮೂರು ಗುರುತುಗಳು ಈ ಊರಿನ ಮೇಲೆ ಹಾದುಹೋದವು. ಕಳಚುರಿಗಳು ಅಳಿದರು, ಚಾಲುಕ್ಯರು ಅಳಿದರು, ಕದಂಬರು ಅಳಿದರು. ದಾನದ ಕಾಗದ ಮಾತ್ರ ಕಲ್ಲಾಗಿ ಊರಿನ ಕೈಯಲ್ಲಿ ಉಳಿಯಿತು. ಯಾವ ಅರಸ ಬಂದರೂ ಹಿಂದಿನವನು ಕೊಟ್ಟದ್ದನ್ನು ಉಳಿಸಬೇಕು, ಕಸಿದುಕೊಂಡರೆ ಪಾಪ ಎಂಬುದು ಶಾಸನಗಳ ಕೊನೆಯಲ್ಲಿ ಬರುವ ನಿಯಮ. ಊರಿನ ಹಕ್ಕು ಅರಸನ ಲಾಂಛನಕ್ಕಿಂತ ಹೆಚ್ಚು ಕಾಲ ಬಾಳುವಂತೆ ಮಾಡಿದ್ದು ಈ ನಿಯಮ.

ಕಲ್ಲಿನ ನೆತ್ತಿ, ಹೊಲದ ಬದು

ನಮ್ಮ ಹಳ್ಳಿಗಳ ದೇವಸ್ಥಾನದ ಮುಂದೆ ನಿಂತ ಶಾಸನಗಲ್ಲಿನ ಮೇಲ್ಭಾಗ ನೋಡಿ. ನಡುವೆ ಲಿಂಗ, ಪೂಜೆ ಮಾಡುವ ಗುರು, ಎದುರಿಗೆ ನಂದಿ, ಪಕ್ಕದಲ್ಲಿ ಹಾಲುಣಿಸುವ ಆಕಳು ಮತ್ತು ಕರು, ಕೆಲವು ಕಡೆ ಕತ್ತಿ, ಮೇಲೆ ಸೂರ್ಯ ಮತ್ತು ಚಂದ್ರ. ಸೂರ್ಯಚಂದ್ರರು ಇರುವ ತನಕ ದಾನ ನಡೆಯಬೇಕೆಂಬುದು ಅವರಿಬ್ಬರ ಅರ್ಥ. ದಾನ ಕೆಡಿಸಿದವನಿಗೆ ಕಾಶಿಯಲ್ಲಿ ಕವಿಲೆ ಕೊಂದ ಪಾಪ ಎಂಬ ಶಾಪವನ್ನು ಓದು ಬಾರದವನಿಗೂ ಆಕಳು ನೆನಪಿಸುತ್ತಿತ್ತು. ಕೊಂಕಣದ ಕಡೆ ಇದೇ ಎಚ್ಚರಿಕೆಯನ್ನು ಕತ್ತೆಯ ಚಿತ್ರ ಕೆತ್ತಿ ಒರಟಾಗಿಯೇ ಹೇಳುತ್ತಾರೆ. ನಮ್ಮ ಕಲ್ಲುಗಳು ಮೆದುವಾಗಿ ಹೇಳುತ್ತವೆ.

ಇನ್ನೂ ಕೆಳಗೆ, ಹೊಲದ ಮಟ್ಟದಲ್ಲಿ, ಮುದ್ರೆಗಲ್ಲುಗಳು ಬರುತ್ತವೆ. ಶಿವಾಲಯಕ್ಕೆ ಬಿಟ್ಟ ನೆಲದ ಗಡಿಗೆ ಲಿಂಗಮುದ್ರೆಯ ಕಲ್ಲು. ಬ್ರಾಹ್ಮಣರಿಗೆ ಕೊಟ್ಟ ನೆಲಕ್ಕೆ ಕೊಡೆ ಮತ್ತು ಕಮಂಡಲ ಹಿಡಿದ ವಾಮನಮುದ್ರೆ. ವಿಷ್ಣು ದೇವಾಲಯದ ನೆಲಕ್ಕೆ ಶಂಖಚಕ್ರ. ಬಸದಿಯ ನೆಲಕ್ಕೆ ಮುಕ್ಕೊಡೆ. ಇವು ಅಲಂಕಾರಕ್ಕೆ ನಿಲ್ಲಿಸಿದವಲ್ಲ. ತೆರಿಗೆ ಎತ್ತುವವನು ಎಲ್ಲಿ ನಿಲ್ಲಬೇಕು, ಬೆಳೆಯಲ್ಲಿ ಯಾರ ಪಾಲು ಎಷ್ಟು ಎಂಬುದನ್ನು ತೀರ್ಮಾನಿಸುವ ಆಡಳಿತದ ಗುರುತುಗಳು. ಯುರೋಪಿನಲ್ಲಿ ಗುರಾಣಿಯ ಲಾಂಛನ ಸವಾರನ ಮೈಮೇಲಿನಿಂದ ಊರಿನ ಬಾಗಿಲಿಗೆ ಇಳಿಯಿತು. ನಮ್ಮಲ್ಲಿ ಊರಿನ ಗುರುತು ಹೊಲದ ಬದುವಿನಲ್ಲಿ ಹುಟ್ಟಿತು.

ಕೆರೆಗೂ ಇಂಥದೇ ವ್ಯವಸ್ಥೆ ಇತ್ತು. ಕೆರೆಯ ದುರಸ್ತಿಗೆಂದು ಬಿತ್ತುವಟ್ಟದ ನೆಲ ಬಿಡುತ್ತಿದ್ದರು. ಕೆರೆ ಕಟ್ಟಿಸಿದವನಿಗೆ, ಒಡೆದ ಏರಿ ಕಟ್ಟಿದವನಿಗೆ ಕೊಡಗೆ ಸಿಗುತ್ತಿತ್ತು. ತೂಬು ತೆರೆದು ಗದ್ದೆಗೆ ನೀರು ಹಂಚುವವನು ನೀರಗಂಟಿ. ಕೆರೆಯೊಳಗೆ ನಿಂತ ತೂಬಿನ ಎರಡು ಕಲ್ಲುಕಂಬ, ಅವುಗಳ ಮೇಲಿನ ಅಡ್ಡಗಲ್ಲು ಈ ಸೀಮೆಯ ಯಾವ ರೈತನಿಗೂ ದೂರದಿಂದಲೇ ಗುರುತು ಸಿಗುವ ಆಕಾರ.

ನವಾಬರು, ಕಲೆಕ್ಟರರು, ಪುರಸಭೆ

ವಿಜಯನಗರದ ನಂತರ ಈ ಭಾಗ ಬಿಜಾಪುರದ ಆದಿಲಶಾಹಿಗಳಿಗೆ, ಅಲ್ಲಿಂದ ಮೊಘಲರಿಗೆ ಸೇರಿತು. ಔರಂಗಜೇಬನ ಕಾಲದಲ್ಲಿ ಅಬ್ದುಲ್ ರವೂಫ್ ಖಾನನಿಗೆ ಸಿಕ್ಕ ಜಹಗೀರು ಸವಣೂರು ಸಂಸ್ಥಾನವಾಗಿ ಬೆಳೆಯಿತು. 1756ರಲ್ಲಿ ಪೇಶ್ವೆ ಬಾಳಾಜಿ ಬಾಜೀರಾಯ ಸವಣೂರನ್ನು ಮುತ್ತಿದ. ಆಮೇಲೆ ಹೈದರನೊಡನೆ ನೆಂಟಸ್ತನವೂ ಆಯಿತು, ಟಿಪ್ಪುವಿನೊಡನೆ ಜಗಳವೂ ಆಯಿತು. ನವಾಬರ ಹೆಸರಿನ ಸವಣೂರಿ ಹೊನ್ನು ದೂರದ ಪೇಟೆಗಳಲ್ಲೂ ಚಲಾವಣೆಯಲ್ಲಿತ್ತು. ಸಂಸ್ಥಾನ ಕುಗ್ಗಿ ಕುಗ್ಗಿ ಒಂದು ತಾಲೂಕಿಗಿಂತ ಚಿಕ್ಕದಾದರೂ 1948ರ ತನಕ ಉಳಿದಿತ್ತು. ಸವಣೂರಿಗೆ ಹೋದವರಿಗೆ ಇಂದು ನೆನಪಿನಲ್ಲಿ ಉಳಿಯುವುದು ನವಾಬರ ಮೊಹರಲ್ಲ, ದೊಡ್ಡಹುಣಸೆ ಎಂದು ಜನ ಕರೆಯುವ ಆಫ್ರಿಕಾ ಮೂಲದ ಆ ಭಾರೀ ಮರಗಳು ಮತ್ತು ವೀಳ್ಯದೆಲೆ.

1818ರ ಹೊತ್ತಿಗೆ ಮರಾಠರ ಆಳ್ವಿಕೆ ಮುಗಿದು ಧಾರವಾಡ ಜಿಲ್ಲೆ ಮುಂಬಯಿ ಆಧಿಪತ್ಯಕ್ಕೆ ಸೇರಿತು. ಆಗ ನಮ್ಮ ತಾಲೂಕಿನ ಹೆಸರು ಕೋಡ. ಕಚೇರಿ ಇದ್ದದ್ದು ಹಿರೇಕೆರೂರಿನಲ್ಲೇ, ಆದರೆ ಕಾಗದದ ಮೇಲೆ ಕೋಡ ತಾಲೂಕು. ಹಳೆಯ ದಾಖಲೆ ಹುಡುಕುವ ತರುಣರು ಇದನ್ನು ನೆನಪಿಟ್ಟುಕೊಳ್ಳಬೇಕು. ಹಿರೇಕೆರೂರು ತಾಲೂಕೆಂದು ಹುಡುಕಿದರೆ ಆ ಕಾಲದ ಪುಟಗಳಲ್ಲಿ ಏನೂ ಸಿಗದು, ಕೋಡವೆಂದು ಹುಡುಕಿದರೆ ಎಲ್ಲ ಸಿಗುತ್ತದೆ.

ಊರಿನ ಜನ ತಾವೇ ಸೇರಿ ಊರಿನ ಕೆಲಸ ನೋಡಿಕೊಳ್ಳುವ ಹೊಸ ಪದ್ಧತಿಗೆ 1850ರ ಕಾಯಿದೆ ದಾರಿ ತೆರೆಯಿತು. 1882ರಲ್ಲಿ ಲಾರ್ಡ್ ರಿಪನ್ ಸ್ಥಳೀಯ ಸ್ವಯಮಾಡಳಿತದ ನಿರ್ಣಯ ಹೊರಡಿಸಿದ. ಅದರ ಬೆನ್ನಿಗೇ 1884ರಲ್ಲಿ ಮುಂಬಯಿ ಸರಕಾರ ಪುರಸಭೆಗಳಿಗೂ ತಾಲೂಕು ಲೋಕಲ್ ಬೋರ್ಡುಗಳಿಗೂ ಕಾಯಿದೆ ಮಾಡಿತು, 1901ರಲ್ಲಿ ಪುರಸಭೆಗಳ ಕಾಯಿದೆಯನ್ನು ಹೊಸದಾಗಿ ಬರೆಯಿತು. ದೀಪ, ರಸ್ತೆ, ಕುಡಿಯುವ ನೀರು, ಚರಂಡಿ, ಸಂತೆಯ ಕರ ಈ ಸಭೆಗಳ ಪಾಲಿಗೆ ಬಂದವು. ನೀರಾವರಿ ಕೆರೆ ಮಾತ್ರ ಕಂದಾಯ ಮತ್ತು ಲೋಕೋಪಯೋಗಿ ಇಲಾಖೆಯ ಕೈಯಲ್ಲಿ ಉಳಿಯಿತು. ಊರು ಮತ್ತು ಕೆರೆ ಎರಡು ಬೇರೆ ಕಚೇರಿಗಳ ಕಡತಗಳಾದದ್ದು ಆಗ.

1956ರ ಏಕೀಕರಣದಲ್ಲಿ ಧಾರವಾಡ ಜಿಲ್ಲೆ ಮೈಸೂರು ರಾಜ್ಯಕ್ಕೆ ಬಂತು. 1964ರ ಪುರಸಭೆಗಳ ಅಧಿನಿಯಮ ಮುಂಬಯಿ ಕರ್ನಾಟಕಕ್ಕೂ ಹಳೆ ಮೈಸೂರಿಗೂ ಒಂದೇ ನಿಯಮ ತಂದಿತು. ಸಂವಿಧಾನದ 74ನೆಯ ತಿದ್ದುಪಡಿ 1993ರಲ್ಲಿ ಜಾರಿಗೆ ಬಂದ ಮೇಲೆ ಹತ್ತರಿಂದ ಇಪ್ಪತ್ತು ಸಾವಿರ ಜನಸಂಖ್ಯೆಯ ಪಟ್ಟಣಗಳಿಗೆ ಪಟ್ಟಣ ಪಂಚಾಯಿತಿ, ಅದರ ಮೇಲೆ ಐವತ್ತು ಸಾವಿರದ ತನಕ ಪುರಸಭೆ ಎಂಬ ಏರ್ಪಾಡಾಯಿತು. ಹಿರೇಕೆರೂರಿನದು ಪಟ್ಟಣ ಪಂಚಾಯಿತಿ. ಹಾನಗಲ್ಲು, ಶಿಗ್ಗಾವಿ, ಸವಣೂರು ಪುರಸಭೆಗಳು. 1997ರಲ್ಲಿ ಹಾವೇರಿ ಪ್ರತ್ಯೇಕ ಜಿಲ್ಲೆಯಾಯಿತು. ಕದಂಬೇಶ್ವರ ದೇವಾಲಯದ ರಟ್ಟಿಹಳ್ಳಿ ನಮ್ಮಿಂದ ಬೇರೆಯಾಗಿ ತಾಲೂಕಾಯಿತು.

ಲಾಂಛನಕ್ಕೊಂದು ಠರಾವು

ಪಟ್ಟಣಕ್ಕೆ ಸ್ವಂತ ಲಾಂಛನ ಬೇಕೆಂದು ಎಂದಾದರೂ ಠರಾವು ಮಾಡುವುದಾದರೆ ಏನನ್ನು ಆರಿಸಬೇಕು? ಅಶೋಕಸ್ತಂಭದ ಸಿಂಹಗಳನ್ನು ಯಾರು ಬಳಸಬಹುದೆಂದು 2005ರ ಕಾಯಿದೆ ಬಿಗಿಯಾಗಿ ಹೇಳಿದೆ. ಗಂಡಭೇರುಂಡ ಇಡೀ ರಾಜ್ಯದ್ದು. ಕದಂಬರ ಸಿಂಹ ಸುಂದರ, ಆದರೆ ಅದು ಒಂದು ವಂಶದ್ದು. ಗೋವೆಗೂ ಹಾನಗಲ್ಲಿಗೂ ಬನವಾಸಿಗೂ ಅದರ ಮೇಲೆ ನಮಗಿಂತ ಹೆಚ್ಚಿನ ಹಕ್ಕಿದೆ. ಸರ್ವಜ್ಞನ ಚಿತ್ರ ಹಾಕಬಹುದು, ಆದರೆ ಊರೂರು ಅಲೆದ ಜಂಗಮನನ್ನು ಒಂದು ಕಚೇರಿಯ ಮೊಹರಿನೊಳಗೆ ಕಟ್ಟಿಹಾಕುವುದು ಅವನಿಗೆ ಒಪ್ಪುವ ಮಾತಲ್ಲ.

ಉಳಿಯುವುದು ಕೆರೆ. ಮೇಲೆ ಶಾಸನಗಲ್ಲಿನ ಸೂರ್ಯ ಚಂದ್ರ, ನಡುವೆ ತೂಬಿನ ಎರಡು ಕಂಬ ಮತ್ತು ಅಡ್ಡಗಲ್ಲು, ಕೆಳಗೆ ಏರಿಯ ಒಂದು ಗೆರೆ ಮತ್ತು ನೀರು. ಇಷ್ಟೇ ಸಾಕು. ಮೊಹರಿನಲ್ಲಿ ಒತ್ತಿದರೂ ಅಳಿಸದು, ಶಾಲೆಯ ಮಗು ಕೂಡ ಬರೆಯಬಲ್ಲದು. ಪಿರಿಯಕೆರೆಯೂರು ಎಂದು ಹಿಂದಿನವರು ಹೆಸರಿನಲ್ಲಿ ಹೇಳಿದ್ದನ್ನು ಚಿತ್ರದಲ್ಲಿ ಹೇಳಿದಂತಾಗುತ್ತದೆ.

ಆದರೆ ಮೇಲೆ ಕಂಡ ಚರಿತ್ರೆ ಒಂದು ಷರತ್ತನ್ನೂ ಹಾಕುತ್ತದೆ. ಈ ಸೀಮೆಯಲ್ಲಿ ಊರಿನ ಗುರುತೆಂದರೆ ಹೊಣೆ. ಲಿಂಗಮುದ್ರೆಯ ಕಲ್ಲಿನ ಹಿಂದೆ ನೆಲವಿತ್ತು, ಕೆರೆಯ ಹಿಂದೆ ಬಿತ್ತುವಟ್ಟವಿತ್ತು, ತೂಬಿನ ಹಿಂದೆ ನೀರಗಂಟಿ ಇದ್ದ. ಇಂದು ನಲವತ್ತು ಹೆಕ್ಟೇರಿಗಿಂತ ಹೆಚ್ಚು ಅಚ್ಚುಕಟ್ಟಿನ ಕೆರೆ ಸಣ್ಣ ನೀರಾವರಿ ಇಲಾಖೆಯದು, ಚಿಕ್ಕದು ಪಂಚಾಯಿತಿಗಳದ್ದು, ಊರೊಳಗಿನ ಚರಂಡಿ ಪಟ್ಟಣ ಪಂಚಾಯಿತಿಯದು, ಕೆರೆಗೆ ಬರುವ ಹಳ್ಳದ ಒತ್ತುವರಿ ಕಂದಾಯ ಇಲಾಖೆಯದು. 2014ರಲ್ಲಿ ಕೆರೆ ಸಂರಕ್ಷಣೆಗೆ ಪ್ರತ್ಯೇಕ ಪ್ರಾಧಿಕಾರದ ಕಾಯಿದೆಯೂ ಬಂತು. ಕಾಯಿದೆಗೆ ಕೊರತೆಯಿಲ್ಲ. ಇವೆಲ್ಲವನ್ನೂ ಒಂದು ಮೇಜಿಗೆ ತಂದು ಕೇಳುವ ಊರಿನ ಧ್ವನಿಗೆ ಕೊರತೆಯಿದೆ.

ಹಾಗಾಗಿ ಲಾಂಛನದ ಠರಾವಿನ ಜೊತೆಗೆ ಇನ್ನೊಂದು ಠರಾವೂ ಆಗಲಿ. ಪ್ರತಿ ವರ್ಷ ಮುಂಗಾರಿನ ಮುಂಚೆ ಪಟ್ಟಣ ಪಂಚಾಯಿತಿಯ ಸಾಮಾನ್ಯ ಸಭೆಯಲ್ಲಿ ದುರ್ಗಾದೇವಿ ಕೆರೆಯ ಏರಿ, ತೂಬು, ಕೋಡಿ, ನೀರು ಬರುವ ಹಳ್ಳ, ಸೇರುವ ಕೊಳಚೆ ಈ ಐದರ ಸ್ಥಿತಿಯನ್ನು ಓದಿ ನಡಾವಳಿಯಲ್ಲಿ ದಾಖಲಿಸಬೇಕು, ಸಂಬಂಧಪಟ್ಟ ಇಲಾಖೆಯ ಅಧಿಕಾರಿಗಳು ಆ ಸಭೆಯಲ್ಲಿ ಕೂತು ಉತ್ತರ ಕೊಡಬೇಕು. ತಾಳಗುಂದದ ಕಂಬ ಮೂಲತಃ ಇಂಥದೇ ಒಂದು ದಾಖಲೆ. ಕಾಕುಸ್ಥವರ್ಮ ಕೆರೆ ಕಟ್ಟಿಸಿ ಬರೆಸಿದ್ದರಿಂದಲೇ ಅವನ ಮನೆತನದ ಕಥೆ ನಮ್ಮ ತನಕ ಬಂತು. ನಮ್ಮ ಪಂಚಾಯಿತಿಯ ಕಥೆಯನ್ನು ಮುಂದಿನವರು ಓದಬೇಕೆಂದಿದ್ದರೆ ಅದು ಕೆರೆಯ ಪುಟದಿಂದಲೇ ಶುರುವಾಗಬೇಕು.